ಮಂಗಳದ ಚುಕ್ಕೆ ಕಲ್ಲು: ಹಳೆಯ ಜೀವದ ಗುರುತೋ, ಬರೀ ರಸಾಯನವೋ?

ಕೆಂಪುಧೂಳು

ಒಂದೇ ಕಲ್ಲಿನ ಬಗ್ಗೆ ಎರಡು ತರಹದ ಸುದ್ದಿ ಓದಿ ತಲೆ ಕೆಟ್ಟಿದೆ. ಒಂದು ಕಡೆ "ಮಂಗಳದಲ್ಲಿ ಜೀವ ಇತ್ತು, ಸಾಕ್ಷಿ ಸಿಕ್ಕೇಬಿಟ್ಟಿತು" ಅಂತ. ಇನ್ನೊಂದು ಕಡೆ "ಅಂಥದ್ದೇನೂ ಇಲ್ಲ, ಸುಮ್ನೆ ಗದ್ದಲ" ಅಂತ. ಕಲ್ಲಿನ ಹೆಸರು ಚೆಯಾವಾ ಫಾಲ್ಸ್, ಅದರ ಮೈಮೇಲೆ ಚುಕ್ಕೆಗಳಿವೆ. ಮಂಗಳದ ಮೇಲೆ ಓಡಾಡುವ ನಾಸಾದ ಗಾಡಿ ಪರ್ಸಿವಿಯರೆನ್ಸ್ ರೋವರ್ 2024ರ ಜುಲೈನಲ್ಲಿ ಅದನ್ನು ಕೊರೆದು ಒಂದು ತುಂಡು ತೆಗೆದಿಟ್ಟುಕೊಂಡಿತು. 2025ರ ಸೆಪ್ಟೆಂಬರಿನಲ್ಲಿ ಜೋಯಲ್ ಹುರೋವಿಟ್ಜ್ ಮತ್ತು ಜೊತೆಗಾರರ ಪ್ರಬಂಧ ನೇಚರ್ ಪತ್ರಿಕೆಯಲ್ಲಿ ಬಂತು. ಅವರು ಹೇಳಿದ್ದು ಇಷ್ಟೇ: ಇದು ಜೀವದ ಗುರುತು ಆಗಿರಬಹುದು.

ನನ್ನ ಪ್ರಶ್ನೆ ಎರಡು. ಆ ಚುಕ್ಕೆಗಳಲ್ಲಿ ಅಂಥದ್ದೇನಿದೆ? "ಇರಬಹುದು" ಅನ್ನುವುದು "ಇತ್ತು" ಅಂತ ಆಗೋಕೆ ಇನ್ನೇನು ಬೇಕು?

ಹಾರುವ ತಟ್ಟೆ, ಅನ್ಯಗ್ರಹದವರು ಇತ್ಯಾದಿ ದಯವಿಟ್ಟು ಬೇಡ.

ಅನುಮಾನಪ್ಪ

ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸುವುದು ಮಂಗಳದ ವಿಷಯದಲ್ಲಿ ಹೊಸದಲ್ಲ. 1877ರಲ್ಲಿ ಇಟಲಿಯ ಖಗೋಳಜ್ಞ ಸ್ಕಿಯಾಪರೆಲ್ಲಿಗೆ ದೂರದರ್ಶಕದಲ್ಲಿ ಗೆರೆಗಳು ಕಂಡವು. ಪರ್ಸಿವಲ್ ಲೊವೆಲ್ ಅವು ಕಾಲುವೆಗಳು ಅಂದರು, ತೋಡಿದವರೂ ಅಲ್ಲಿದ್ದಾರೆ ಅಂದರು. 1965ರಲ್ಲಿ ಮ್ಯಾರಿನರ್ 4 ನೌಕೆ ಹತ್ತಿರ ಹೋಗಿ ಫೋಟೊ ತೆಗೆದರೆ ಬರೀ ಕುಳಿಗಳು. ಆಮೇಲೆ ವೈಕಿಂಗ್ ನೌಕೆಗಳು. ಆಮೇಲೆ ಅಂಟಾರ್ಕ್ಟಿಕಾದ ಉಲ್ಕಾಶಿಲೆ. ಆಮೇಲೆ ಮೀಥೇನ್. ಪ್ರತಿ ಸಲವೂ ಅಬ್ಬರ, ನಂತರ ಮೌನ. ಈ ಚುಕ್ಕೆಗೂ ಅದೇ ಗತಿ ಅಂತ ನನ್ನ ಲೆಕ್ಕ.

ಶಿಲಾಪ್ರಿಯೆ

ಅನುಮಾನಪ್ಪನವರೇ, ಅನುಮಾನ ಇರಲಿ. ಆದರೆ ಲೊವೆಲ್ ಸಾಲಿಗೆ ಸೇರಿಸೋ ಮುಂಚೆ ಕಲ್ಲಿನಲ್ಲಿ ಏನಿದೆ ಅಂತ ಒಮ್ಮೆ ನೋಡೋಣ. ನನ್ನ ಕೆಲಸ ಕೆಸರುಕಲ್ಲುಗಳ ಜೊತೆ, ಭೂಮಿಯವು. ಸ್ವಲ್ಪ ಉದ್ದ ಆಗುತ್ತೆ, ಓದಿಕೊಳ್ಳಿ.

ರೋವರ್ ಇಳಿದ ಜೆಝೆರೊ ಸುಮಾರು 45 ಕಿಲೋಮೀಟರ್ ಅಗಲದ ಕುಳಿ. 350 ಕೋಟಿ ವರ್ಷಗಳಿಗೂ ಹಿಂದೆ ಅಲ್ಲಿ ನೀರು ನಿಂತಿತ್ತು. ಪಶ್ಚಿಮದ ಅಂಚನ್ನು ಕೊರೆದುಕೊಂಡು ಒಂದು ಹೊಳೆ ಒಳಗೆ ಬರುತ್ತಿತ್ತು, ಬಂದಲ್ಲಿ ಹೂಳು ಹರಡಿ ಡೆಲ್ಟಾ ಕಟ್ಟಿತ್ತು. ಆ ಹೊಳೆಯ ಒಣಗಿದ ಕಣಿವೆಗೆ ನೆರೆಟ್ವಾ ಅಂತ ಹೆಸರು, ಅಗಲ ಸುಮಾರು 400 ಮೀಟರ್. ಚೆಯಾವಾ ಫಾಲ್ಸ್ ಸಿಕ್ಕಿದ್ದು ಅಲ್ಲೇ, ಬ್ರೈಟ್ ಏಂಜಲ್ ಎಂದು ಕರೆಯುವ ತಿಳಿ ಬಣ್ಣದ ಬಂಡೆಗಳ ನಡುವೆ. ಕಲ್ಲು ದೊಡ್ಡದೇನಲ್ಲ. ಉದ್ದ ಒಂದು ಮೀಟರ್, ಅಗಲ 60 ಸೆಂಟಿಮೀಟರ್. ನುಣ್ಣನೆಯ ಜೇಡಿಯೂ ಹೂಳೂ ಗಟ್ಟಿಯಾಗಿ ಆದದ್ದು. ಕೆಂಪು ಬಣ್ಣ ತುಕ್ಕು ಹಿಡಿದ ಕಬ್ಬಿಣದ್ದು. ನಡುವೆ ಬಿಳಿ ಪಟ್ಟಿಗಳಿವೆ, ಅವು ಕ್ಯಾಲ್ಸಿಯಂ ಸಲ್ಫೇಟ್. ಬಿರುಕುಗಳಲ್ಲಿ ಹರಿದ ನೀರು ಬಿಟ್ಟುಹೋದದ್ದು.

ಆ ಕೆಂಪಿನ ಮೇಲೆ ಮಿಲಿಮೀಟರ್ ಗಾತ್ರದ ಚುಕ್ಕೆಗಳು. ನಡು ತಿಳಿ, ಅಂಚು ಕಪ್ಪು. ಚಿರತೆ ಚುಕ್ಕೆ ಅಂತ ತಂಡದವರೇ ಹೆಸರಿಟ್ಟರು. ರೋವರ್ ತೋಳಿನ ತುದಿಯ ಎಕ್ಸ್‌ರೇ ಉಪಕರಣ ಪಿಕ್ಸ್‌ಲ್ ನೋಡಿದಾಗ, ಅಂಚಿನಲ್ಲಿ ಕಬ್ಬಿಣ ಮತ್ತು ರಂಜಕ ಜೊತೆಯಾಗಿ ಕಂಡವು, ನಡುವಿನಲ್ಲಿ ಕಬ್ಬಿಣ ಮತ್ತು ಗಂಧಕ. ಮೊದಲನೆಯದು ವಿವಿಯನೈಟ್ ಎಂಬ ಖನಿಜ, ಎರಡನೆಯದು ಗ್ರೈಗೈಟ್ ಇರಬೇಕು ಅನ್ನುವುದು ಅವರ ಓದು. ಷರ್ಲಾಕ್ ಎಂಬ ಲೇಸರ್ ಉಪಕರಣಕ್ಕೆ ಅದೇ ಕಲ್ಲಿನಲ್ಲಿ ಸಾವಯವ ಇಂಗಾಲದ (ಜೀವಿಗಳಲ್ಲಿರುವಂಥ, ಆದರೆ ಜೀವ ಇಲ್ಲದೆಯೂ ಆಗಬಲ್ಲ ಇಂಗಾಲದ ಸಂಯುಕ್ತ) ಸುಳಿವೂ ಸಿಕ್ಕಿತು.

ಇದರಲ್ಲಿ ಏನು ವಿಶೇಷ? ತುಕ್ಕಿನಲ್ಲಿರುವ ಕಬ್ಬಿಣ ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ. ವಿವಿಯನೈಟ್ ಆಗಬೇಕಾದರೆ ಅದಕ್ಕೆ ಎಲೆಕ್ಟ್ರಾನ್ ವಾಪಸ್ ಸಿಗಬೇಕು. ಸಲ್ಫೇಟಿನ ಗಂಧಕ ಗ್ರೈಗೈಟಿಗೆ ಬರಬೇಕಾದರೂ ಅಷ್ಟೇ. ಹಾಗಾದರೆ ಈ ಕೆಸರಿನಲ್ಲಿ ಯಾರೋ ಅಥವಾ ಏನೋ ಎಲೆಕ್ಟ್ರಾನ್ ಕೊಟ್ಟಿದೆ. ಭೂಮಿಯ ಕೆರೆ, ಜೌಗುಗಳ ತಳದಲ್ಲಿ ಈ ಕೆಲಸ ಹೆಚ್ಚಾಗಿ ಸೂಕ್ಷ್ಮಜೀವಿಗಳದ್ದು. ಸಾವಯವ ವಸ್ತು ತಿಂದು, ಉಳಿದ ಎಲೆಕ್ಟ್ರಾನನ್ನು ಕಬ್ಬಿಣಕ್ಕೋ ಸಲ್ಫೇಟಿಗೋ ದಾಟಿಸುತ್ತವೆ. ಅವು ಬಿಟ್ಟುಹೋಗುವ ಖನಿಜಗಳಲ್ಲಿ ಇವೆರಡೂ ಸೇರಿವೆ.

ಜೀವ ಇಲ್ಲದೆಯೂ ಆಗಬಹುದಾ? ಕಬ್ಬಿಣದ ಭಾಗ ಆಗಬಹುದು. ಸಾವಯವ ವಸ್ತುವೇ ನೇರವಾಗಿ, ತಣ್ಣಗಿರುವಾಗಲೂ, ಕಬ್ಬಿಣಕ್ಕೆ ಎಲೆಕ್ಟ್ರಾನ್ ಕೊಡಬಲ್ಲದು. ಗಂಧಕದ ಭಾಗ ಕಷ್ಟ. ಸಲ್ಫೇಟನ್ನು ಜೀವಿಗಳ ನೆರವಿಲ್ಲದೆ ಸಲ್ಫೈಡ್ (ಗ್ರೈಗೈಟಿನಲ್ಲಿರುವ ಗಂಧಕದ ರೂಪ) ಮಾಡೋಕೆ ಸುಮಾರು 150 ಡಿಗ್ರಿಗಿಂತ ಜಾಸ್ತಿ ಶಾಖ ಬೇಕು. ಈ ಕಲ್ಲು ಅಷ್ಟು ಬೆಂದ ಲಕ್ಷಣ ಇಲ್ಲ. ಪ್ರಬಂಧದ ಗಟ್ಟಿತನ ಇರುವುದು ಇಲ್ಲೇ. "ಜೀವ ಕಂಡಿತು" ಅಂತ ಅವರು ಎಲ್ಲೂ ಬರೆದಿಲ್ಲ. ನಮಗೆ ಗೊತ್ತಿರುವ ನಿರ್ಜೀವ ದಾರಿಗಳು ಇಲ್ಲಿ ಸಲೀಸಾಗಿ ಹೊಂದುವುದಿಲ್ಲ ಅಂತ ಬರೆದಿದ್ದಾರೆ.

ಹೊಸಬ

ಶಿಲಾಪ್ರಿಯೆ ಮೇಡಂ, ಸೂಕ್ಷ್ಮಜೀವಿ ಕಬ್ಬಿಣವನ್ನು ಉಸಿರಾಡುತ್ತೆ ಅಂತಾನಾ? ಆಮ್ಲಜನಕ ಬೇಡವಾ ಅದಕ್ಕೆ?

ಶಿಲಾಪ್ರಿಯೆ

ಬೇಡ. ನಾವು ಊಟದ ಎಲೆಕ್ಟ್ರಾನನ್ನು ಕೊನೆಗೆ ಆಮ್ಲಜನಕಕ್ಕೆ ದಾಟಿಸುತ್ತೇವೆ. ಅವು ತುಕ್ಕಿಗೆ ದಾಟಿಸುತ್ತವೆ. ಜಿಯೋಬ್ಯಾಕ್ಟರ್ ಅಂತ ಒಂದು ಕುಲವಿದೆ, 1987ರಲ್ಲಿ ಡೆರೆಕ್ ಲವ್ಲಿ ಪೊಟೊಮ್ಯಾಕ್ ನದಿಯ ಕೆಸರಿನಲ್ಲಿ ಕಂಡುಹಿಡಿದದ್ದು. ಭೂಮಿಯ ಗಾಳಿಯಲ್ಲಿ ಆಮ್ಲಜನಕ ಸೇರಿಕೊಂಡದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಅದಕ್ಕೂ ಮೊದಲಿನ ಜೀವಿಗಳಲ್ಲಿ ಹೆಚ್ಚಿನವು ಆಮ್ಲಜನಕ ಬೇಡದ ದಾರಿಗಳಲ್ಲೇ ಬದುಕಿದವು. ಹಾಗಾಗಿ ಹಳೆಯ ಮಂಗಳದಲ್ಲಿ ಹುಡುಕುವುದಾದರೆ ಇದನ್ನೇ ಹುಡುಕಬೇಕು.

ಅನುಮಾನಪ್ಪ

ಬಿಳಿ ಪಟ್ಟಿಗಳಲ್ಲಿ ಆಲಿವಿನ್ ಹರಳು ಸಿಕ್ಕಿತ್ತಲ್ಲ ಮೇಡಂ? 2024ರಲ್ಲಿ ಅವರೇ ಹೇಳಿದ್ದರು. ಆಲಿವಿನ್ ಹುಟ್ಟುವುದು ಶಿಲಾರಸದಿಂದ. ಅದು ಅಲ್ಲಿಗೆ ಬಿಸಿಯಾಗಿಯೇ ಬಂದಿದ್ದರೆ ನಿಮ್ಮ "ಬೆಂದಿಲ್ಲ" ಬಿದ್ದುಹೋಗುತ್ತೆ.

ಶಿಲಾಪ್ರಿಯೆ

ಒಳ್ಳೆಯ ಪ್ರಶ್ನೆ. ಹರಳು ಬಿಸಿಯಲ್ಲಿ ಹುಟ್ಟಿರಬಹುದು, ಆದರೆ ಬಿಸಿಯಲ್ಲೇ ಇಲ್ಲಿಗೆ ಬಂತು ಅಂತ ಅದರಿಂದ ಆಗುವುದಿಲ್ಲ. ಜೆಝೆರೊ ಸುತ್ತ ಆಲಿವಿನ್ ಧಾರಾಳವಾಗಿದೆ, ನೀರು ಕಣಗಳನ್ನು ಹೊತ್ತು ತರಬಲ್ಲದು. ಅದಕ್ಕಿಂತ ಮುಖ್ಯ, ಸುತ್ತಲ ಜೇಡಿಯ ಕಣಗಳ ರಚನೆಯಲ್ಲಿ ಶಾಖ ತಟ್ಟಿದ ಗುರುತಿಲ್ಲ. ಆದರೂ ನಿಮ್ಮ ಪ್ರಶ್ನೆಯನ್ನು ಪೂರ್ತಿ ಹೊಡೆದುಹಾಕಲಾರೆ. ಒಂದು ತೆಳು ಸೀಳು ಸೂಕ್ಷ್ಮದರ್ಶಕದ ಕೆಳಗೆ ಸಿಕ್ಕಿದರೆ ಬೇಗ ಇತ್ಯರ್ಥವಾಗುವ ವಿಷಯ ಇದು. ಸಿಗೋದು ಕಷ್ಟ ಅಷ್ಟೇ.

ಹಳೇರೇಡಿಯೊ

ವೈಕಿಂಗ್ ಕಥೆಯನ್ನು ಅನುಮಾನಪ್ಪ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ಅದು ಅಷ್ಟು ಸಣ್ಣದಲ್ಲ. ಇವತ್ತಿನ ಎಚ್ಚರಿಕೆ ಎಲ್ಲ ಅಲ್ಲಿಂದಲೇ ಬಂದದ್ದು.

ವೈಕಿಂಗ್ 1 ಇಳಿದದ್ದು 1976ರ ಜುಲೈ 20ರಂದು, ವೈಕಿಂಗ್ 2 ಸೆಪ್ಟೆಂಬರ್ 3ರಂದು. ಎರಡರಲ್ಲೂ ಜೀವ ಹುಡುಕುವ ಪ್ರಯೋಗಗಳಿದ್ದವು. ಗಿಲ್ಬರ್ಟ್ ಲೆವಿನ್ ಅವರದ್ದು ತುಂಬ ಸರಳ. ಮಣ್ಣಿಗೆ ಪೋಷಕ ದ್ರವದ ಹನಿ ಹಾಕಬೇಕು. ಆ ದ್ರವದ ಇಂಗಾಲ ವಿಕಿರಣ ಸೂಸುವಂಥದ್ದು. ಯಾರಾದರೂ ತಿಂದರೆ ವಿಕಿರಣ ಸೂಸುವ ಅನಿಲ ಹೊರಬರಬೇಕು. ಬಂತು! ಮಣ್ಣನ್ನು 160 ಡಿಗ್ರಿಗೆ ಕಾಯಿಸಿ ಮತ್ತೆ ಮಾಡಿದರೆ ಬರಲಿಲ್ಲ. ಇದೂ ಜೀವ ಇದ್ದರೆ ಹೇಗೋ ಹಾಗೆಯೇ. ಆದರೆ ಎರಡನೆಯ ಸಲ ದ್ರವ ಹಾಕಿದಾಗ ಅನಿಲ ಹೊಸದಾಗಿ ಏರಲಿಲ್ಲ. ಜೀವ ಇದ್ದಿದ್ದರೆ ಇನ್ನೂ ತಿನ್ನಬೇಕಿತ್ತಲ್ವಾ?

ಕೊನೆಗೆ ತೀರ್ಪು ಕೊಟ್ಟದ್ದು ಬೇರೆ ಉಪಕರಣ. ಮಣ್ಣನ್ನು ಕಾಯಿಸಿ ಸಾವಯವ ಅಣು ಹುಡುಕುವ ಯಂತ್ರಕ್ಕೆ ಏನೂ ಸಿಗಲಿಲ್ಲ, ಕ್ಲೋರಿನ್ ಸೇರಿದ ಒಂದೆರಡು ಸಣ್ಣ ಅಣು ಬಿಟ್ಟರೆ. ಅವು ಭೂಮಿಯಲ್ಲಿ ಯಂತ್ರ ತೊಳೆದ ದ್ರಾವಕದ್ದು ಅಂತ ತಳ್ಳಿಹಾಕಿದರು. ಸಾವಯವ ಇಲ್ಲದ ಮೇಲೆ ಜೀವ ಎಲ್ಲಿಂದ ಅಂತ ಕಡತ ಮುಚ್ಚಿತು.

32 ವರ್ಷ ಆದಮೇಲೆ, 2008ರಲ್ಲಿ, ಫೀನಿಕ್ಸ್ ನೌಕೆ ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಲವಣ ಕಂಡಿತು. ಇದು ತಣ್ಣಗಿದ್ದಾಗ ಸುಮ್ಮನಿರುತ್ತೆ, ಕಾಯಿಸಿದರೆ ಸಾವಯವ ವಸ್ತುವನ್ನು ಸುಟ್ಟುಹಾಕುತ್ತೆ. 2010ರಲ್ಲಿ ರಫಾಯೆಲ್ ನವಾರೊ-ಗೊಂಜಾಲೆಸ್ ತಂಡ ಅಟಕಾಮ ಮರುಭೂಮಿಯ ಮಣ್ಣಿಗೆ ಪರ್ಕ್ಲೋರೇಟ್ ಬೆರೆಸಿ ಕಾಯಿಸಿ ನೋಡಿತು. ಹೊರಬಂದದ್ದು ಅದೇ ಕ್ಲೋರಿನ್ ಅಣುಗಳು! ವೈಕಿಂಗ್ ಯಂತ್ರ ಹುಡುಕಲು ಹೋದದ್ದನ್ನು ತಾನೇ ಸುಟ್ಟಿರಬಹುದು.

ಹಾಗಂತ ಲೆವಿನ್ ಗೆದ್ದರು ಅಂತ ಅಲ್ಲ. ಅವರ ಫಲಿತಾಂಶಕ್ಕೂ ಮಣ್ಣಿನ ಇದೇ ಉರಿಗೋಪಿ ರಸಾಯನ ಸಾಕಾಗಬಹುದು. 2021ರಲ್ಲಿ ತೀರಿಕೊಳ್ಳುವವರೆಗೂ ಅವರು ಮಾತ್ರ ತಮ್ಮ ಮಾತು ಬಿಡಲಿಲ್ಲ. ನನಗೆ ಕಾಣುವುದು ಇಷ್ಟು: ಆ ಮಣ್ಣಿನ ರಸಾಯನ ತಿಳಿಯುವ ಮೊದಲೇ "ಇಲ್ಲಿ ಯಾರಿದ್ದೀರಿ" ಅಂತ ಕೇಳಲು ಹೋಗಿದ್ದರು. ಬಂದ ಉತ್ತರವನ್ನು ಓದಲು ಆಗಲಿಲ್ಲ.

ರಾತ್ರಿಪಾಳಿ

ಅದಕ್ಕೇ ಅಲ್ವಾ ಈಗ ಯಾರೂ "ಈಗಿನ ಜೀವ" ಹುಡುಕ್ತಾ ಇಲ್ಲ? ಹಳೆಯದೇ ಯಾಕೆ, ಈಗಿನದು ಯಾಕಲ್ಲ ಅಂತ ಯಾರಾದರೂ ಬಿಡಿಸಿ ಹೇಳಿ.

ಶಿಲಾಪ್ರಿಯೆ

ಈಗಿನ ಮಂಗಳದ ಮೇಲ್ಮೈ ಕೊಲ್ಲುವ ಜಾಗ. ಗಾಳಿಯ ಒತ್ತಡ ಭೂಮಿಯದ್ದರ ನೂರರಲ್ಲಿ ಒಂದು ಪಾಲೂ ಇಲ್ಲ. ನೀರು ದ್ರವವಾಗಿ ನಿಲ್ಲುವುದಿಲ್ಲ. ಅತಿನೇರಳೆ ಕಿರಣಕ್ಕೆ ತಡೆ ಇಲ್ಲ. ಈಗ ಏನಾದರೂ ಇದ್ದರೆ ಆಳದಲ್ಲಿರಬೇಕು, ಅಲ್ಲಿಗೆ ನಮ್ಮ ಕೈ ಎಟುಕುವುದಿಲ್ಲ. 350-400 ಕೋಟಿ ವರ್ಷಗಳ ಹಿಂದೆ ಹೊಳೆ, ಕೆರೆ ಇದ್ದವು. ಕಾಂತಕ್ಷೇತ್ರ ಹೋಯಿತು, ಕಾಲಕ್ರಮೇಣ ಗಾಳಿ ತೆಳುವಾಯಿತು.

ಇನ್ನೊಂದು ಅನುಕೂಲ ಇದೆ, ಅದರ ಬಗ್ಗೆ ಮಾತು ಕಡಿಮೆ. ಭೂಮಿಯಲ್ಲಿ ಅಷ್ಟು ಹಳೆಯ ಕಲ್ಲು ಉಳಿದಿರುವುದೇ ಅಪರೂಪ. ಭೂಫಲಕಗಳು ಒಂದರ ಕೆಳಗೆ ಒಂದು ನುಗ್ಗಿ ಹಳೆಯದನ್ನೆಲ್ಲ ನುಂಗಿ ಬೇಯಿಸಿಬಿಟ್ಟಿವೆ. ಮಂಗಳದಲ್ಲಿ ಆ ತಿರುಗಾಟ ಇಲ್ಲ. ಜೀವ ಹೇಗೆ ಶುರುವಾಯಿತು ಅನ್ನುವ ಕಾಲದ ಕಲ್ಲುಗಳು ಭೂಮಿಗಿಂತ ಅಲ್ಲೇ ಚೆನ್ನಾಗಿ ಉಳಿದಿವೆ. ಅಲ್ಲಿ ಜೀವ ಇರಲೇ ಇಲ್ಲ ಅಂತ ಗೊತ್ತಾದರೂ ಆ ಕಲ್ಲುಗಳ ಬೆಲೆ ಕಡಿಮೆಯಾಗಲ್ಲ.

ಬ್ರೈಟ್ ಏಂಜಲ್ ವಿಷಯದಲ್ಲಿ ಒಂದು ಅಚ್ಚರಿಯೂ ಇದೆ. ಪರ್ಸಿವಿಯರೆನ್ಸ್ ನೋಡಿದ ಹೂಳುಕಲ್ಲುಗಳಲ್ಲಿ ಇವು ತೀರಾ ಎಳೆಯ ಕಲ್ಲುಗಳ ಸಾಲಿಗೆ ಸೇರುತ್ತವೆ. ಹಳೆಯದರಲ್ಲೇ ಗುರುತು ಸಿಗಬೇಕು ಅಂತ ಎಲ್ಲರೂ ಕಾದಿದ್ದರು. ಮಂಗಳ ಬದುಕಲು ಯೋಗ್ಯವಾಗಿದ್ದ ಕಾಲ ನಾವು ಅಂದುಕೊಂಡದ್ದಕ್ಕಿಂತ ಉದ್ದ ಇತ್ತೇನೋ.

ಕಾರ್ಯನಿರ್ವಾಹಕ

ಮಂಗಳದ "ಮುಖ"ದ ಫೋಟೊ ಹಾಕಿದ ಎರಡು ಬರಹ ತೆಗೆದಿದ್ದೇನೆ. 1976ರಲ್ಲಿ ವೈಕಿಂಗ್ 1 ಕಕ್ಷೆಯಿಂದ ತೆಗೆದ ಚಿತ್ರದಲ್ಲಿ ನೆರಳು ಬಿದ್ದು ಹಾಗೆ ಕಂಡಿತ್ತು. ಮಾರ್ಸ್ ಗ್ಲೋಬಲ್ ಸರ್ವೇಯರ್ 1998ರಲ್ಲೂ 2001ರಲ್ಲೂ ಚೆನ್ನಾಗಿ ಫೋಟೊ ತೆಗೆದಿದೆ. ಗುಡ್ಡ. ಮುಂದುವರಿಸಿ.

ಹೊಸಬ

ಮೀಥೇನ್ ಏನಾಯ್ತು? ಒಂದು ಕಾಲದಲ್ಲಿ ಬರೀ ಅದೇ ಸುದ್ದಿ. ಮಂಗಳಯಾನದಲ್ಲೂ ಮೀಥೇನ್ ಸಂವೇದಕ ಇತ್ತಲ್ಲ.

ಹಳೇರೇಡಿಯೊ

ಇತ್ತು, ಐದು ಉಪಕರಣಗಳಲ್ಲಿ ಅದೂ ಒಂದು. ಭೂಮಿಯಲ್ಲಿ ಮೀಥೇನ್ ಬಹುಪಾಲು ಜೀವಿಗಳಿಂದ ಬರುತ್ತೆ, ಅದಕ್ಕೇ ಅದರ ಮೇಲೆ ಆಸೆ. ಆದರೆ ಇವತ್ತಿನ ಸ್ಥಿತಿ ಗೋಜಲು. ಗೇಲ್ ಕುಳಿಯಲ್ಲಿರುವ ಕ್ಯೂರಿಯಾಸಿಟಿ ರೋವರಿಗೆ ಗಾಳಿಯ ನೂರು ಕೋಟಿ ಅಣುಗಳಿಗೆ ಸರಾಸರಿ ಸುಮಾರು 0.4 ಅಣುವಿನಷ್ಟು ಮೀಥೇನ್ ಕಂಡಿತು. ಋತುವಿಗೆ ತಕ್ಕಂತೆ ಏರಿಳಿತವೂ ಇತ್ತು. 2019ರ ಜೂನ್‌ನಲ್ಲಿ ಒಮ್ಮೆ 21ಕ್ಕೆ ಜಿಗಿಯಿತು. ಆದರೆ ಕಕ್ಷೆಯಲ್ಲಿರುವ ಯುರೋಪಿನ ಟ್ರೇಸ್ ಗ್ಯಾಸ್ ಆರ್ಬಿಟರ್ ತುಂಬಾ ಸೂಕ್ಷ್ಮ ಉಪಕರಣದಿಂದ ಹುಡುಕಿದರೂ ಮೀಥೇನ್ ಕಾಣಲಿಲ್ಲ. ಇಬ್ಬರೂ ಸರಿ ಇರಬೇಕಾದರೆ ಅನಿಲ ನೆಲದ ಬಳಿಯೇ ಬಂದು ಬೇಗ ಮಾಯವಾಗಬೇಕು. ಹೇಗೆ ಅಂತ ಯಾರೂ ಒಪ್ಪುವಂತೆ ಹೇಳಿಲ್ಲ. ರೋವರಿನ ಒಳಗಿನಿಂದಲೇ ಸೋರಿತಾ ಅಂತ ಕೇಳುವವರೂ ಇದ್ದಾರೆ. ಇನ್ನು, ಕಲ್ಲು ಮತ್ತು ನೀರು ಸೇರಿಯೂ ಮೀಥೇನ್ ಆಗುತ್ತೆ. ಹಾಗಾಗಿ ಸಿಕ್ಕರೂ ಜೀವ ಅಂತ ಹೇಳೋಕೆ ಆಗಲ್ಲ.

ರಾತ್ರಿಪಾಳಿ

ಸರಿ, ಹಾಗಾದರೆ ಕಲ್ಲನ್ನು ಭೂಮಿಗೆ ತಂದುಬಿಟ್ಟರೆ ಜಗಳ ಮುಗೀತಲ್ವಾ? ಪ್ರಯೋಗಾಲಯದಲ್ಲಿ ಇಟ್ಟು ನೋಡಿದರೆ ಆಯ್ತು.

ಅನುಮಾನಪ್ಪ

ನಗು ಬರುತ್ತೆ ಗುರು. ಮಂಗಳದ ಕಲ್ಲು ನಮ್ಮ ಕೈಯಲ್ಲೇ ಇತ್ತು, ಮುಗೀತಾ?

ಎಎಲ್ಎಚ್84001. 1984ರ ಡಿಸೆಂಬರಿನಲ್ಲಿ ಅಂಟಾರ್ಕ್ಟಿಕಾದ ಅಲನ್ ಹಿಲ್ಸ್‌ನಲ್ಲಿ ಸಿಕ್ಕ ಉಲ್ಕಾಶಿಲೆ. ತೂಕ 1.93 ಕೆಜಿ, ವಯಸ್ಸು ಸುಮಾರು 410 ಕೋಟಿ ವರ್ಷ. 1996ರ ಆಗಸ್ಟಿನಲ್ಲಿ ಡೇವಿಡ್ ಮೆಕೇ ತಂಡ ಅದರಲ್ಲಿ ಮಂಗಳದ ಜೀವದ ಕುರುಹು ಇದೆ ಅಂದಿತು. ಅಧ್ಯಕ್ಷ ಕ್ಲಿಂಟನ್ ಟಿವಿ ಮುಂದೆ ಬಂದು ಮಾತಾಡಿದರು. ಅವರ ಬಳಿ ನಾಲ್ಕು ಸಾಕ್ಷಿ ಇದ್ದವು: ಕಾರ್ಬನೇಟ್ ಉಂಡೆಗಳು, ಸಣ್ಣ ಮ್ಯಾಗ್ನೆಟೈಟ್ ಹರಳುಗಳು, ಸಾವಯವ ಅಣುಗಳು, ಮತ್ತು ಹುಳುವಿನಂತೆ ಕಾಣುವ ಆಕಾರದ ಆ ಪ್ರಸಿದ್ಧ ಫೋಟೊ. ಒಂದೊಂದಕ್ಕೂ ಜೀವ ಬೇಡದ ದಾರಿ ಸಿಕ್ಕಿತು. 2022ರಲ್ಲಿ ಆಂಡ್ರ್ಯೂ ಸ್ಟೀಲ್ ತಂಡ, ಅಲ್ಲಿನ ಸಾವಯವ ವಸ್ತು ಕಲ್ಲು ಮತ್ತು ನೀರಿನ ವ್ಯವಹಾರದಿಂದಲೇ ಬಂದದ್ದು ಅಂತ ತೋರಿಸಿತು.

ಇದನ್ನೂ ಬಿಡಿ, ಭೂಮಿಯ ಕಲ್ಲುಗಳನ್ನೇ ತಗೊಳ್ಳಿ. ಆಸ್ಟ್ರೇಲಿಯಾದ ಏಪೆಕ್ಸ್ ಚೆರ್ಟ್ ಎಂಬ ಬಂಡೆಯಲ್ಲಿ ಸುಮಾರು 346 ಕೋಟಿ ವರ್ಷಗಳ ಜೀವಕೋಶದ ಪಳೆಯುಳಿಕೆ ಇದೆ ಅಂತ 1993ರಲ್ಲಿ ವಿಲಿಯಂ ಶಾಫ್ ಹೇಳಿದರು. 2002ರಲ್ಲಿ ಮಾರ್ಟಿನ್ ಬ್ರೇಸಿಯರ್ ಅಲ್ಲ ಅಂದರು. ಗ್ರೀನ್‌ಲ್ಯಾಂಡಿನ ಇಸುವಾದಲ್ಲಿ 370 ಕೋಟಿ ವರ್ಷ ಹಳೆಯ ಸ್ಟ್ರೊಮ್ಯಾಟೊಲೈಟ್ (ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಕಲ್ಲು) ಇದೆ ಅಂತ 2016ರಲ್ಲಿ ಬಂತು. 2018ರಲ್ಲಿ ಅಬಿಗೇಲ್ ಆಲ್ವುಡ್ ತಂಡ ಹೋಗಿ ನೋಡಿ, ಕಲ್ಲು ಮಡಿಚಿಕೊಂಡು ಹಾಗೆ ಕಾಣುತ್ತೆ ಅಷ್ಟೇ ಅಂದಿತು. ನಡೆದು ಹೋಗಿ ಮುಟ್ಟಿ ನೋಡಬಹುದಾದ ಕಲ್ಲಿಗೇ ಈ ಪಾಡು.

ಶಿಲಾಪ್ರಿಯೆ

ಆ ಆಲ್ವುಡ್ ಅವರೇ ಪಿಕ್ಸ್‌ಲ್ ಉಪಕರಣದ ಮುಖ್ಯ ವಿಜ್ಞಾನಿ, ಗೊತ್ತಾ? ಚಿರತೆ ಚುಕ್ಕೆಯ ಅಂಚು, ನಡು ಅಂತ ಬಿಡಿಸಿ ಹೇಳಿದ್ದು ಆ ಉಪಕರಣ. ಸುಲಭಕ್ಕೆ ನಂಬುವ ಜನ ಅಲ್ಲ ಅವರು.

ಎಎಲ್ಎಚ್ ಜೊತೆ ಹೋಲಿಕೆ ಪೂರ್ತಿ ಒಪ್ಪಲಾರೆ. ಅದು ಶಿಲಾರಸ ಆರಿ ಆದ ಕಲ್ಲು, ಕೆರೆಯ ಕೆಸರಲ್ಲ. ಮಂಗಳದ ಯಾವ ಜಾಗದಿಂದ ಬಂತು ಅಂತ ಗೊತ್ತಿಲ್ಲ. ಸುತ್ತ ಯಾವ ಕಲ್ಲಿತ್ತು, ಮೇಲೇನು ಕೆಳಗೇನು, ಗೊತ್ತಿಲ್ಲ. ಡಿಕ್ಕಿಯಲ್ಲಿ ಎಗರಿ, ಕೋಟಿಗಟ್ಟಲೆ ವರ್ಷ ಅಲೆದು, ಅಂಟಾರ್ಕ್ಟಿಕಾದ ಹಿಮದಲ್ಲಿ ಸುಮಾರು 13,000 ವರ್ಷ ಬಿದ್ದಿತ್ತು. ಕರಗಿದ ಹಿಮದ ನೀರು ಒಳಗಿಳಿದಿರಬಹುದು. ಭೂಮಿಗೆ ಬಿದ್ದ ಮಂಗಳದ ಕಲ್ಲುಗಳಲ್ಲಿ ಹೆಚ್ಚಿನವು ಶಿಲಾರಸದ ಕಲ್ಲುಗಳೇ. 1865ರಲ್ಲಿ ಬಿಹಾರದ ಶೆರ್ಗಾಟಿಯಲ್ಲಿ ಕಣ್ಣೆದುರೇ ಬಿದ್ದ ಕಲ್ಲೂ ಶಿಲಾರಸದ್ದೇ. ಮೆತ್ತಗಿನ ಕೆಸರುಕಲ್ಲು ಆ ಪಯಣದಲ್ಲಿ ಉಳಿಯುವುದು ಕಷ್ಟ. ಅಂದರೆ ಜೀವದ ಗುರುತು ಇರಬಹುದಾದ ಕಲ್ಲು ತಾನಾಗಿ ಬರುವುದಿಲ್ಲ. ಹೋಗಿ ತರಬೇಕು.

ಚೆಯಾವಾ ಹಾಗಲ್ಲ. ಸುತ್ತಲ ಬಂಡೆಗಳ ಫೋಟೊ, ರಸಾಯನ ಎಲ್ಲ ದಾಖಲಾಗಿದೆ. ಯಾವ ಪದರದಿಂದ ತೆಗೆದದ್ದು ಅಂತ ಗೊತ್ತು. ತೆಗೆದ ಕೂಡಲೇ ಕೊಳವೆ ಮುಚ್ಚಿದ್ದಾರೆ. ಕಲ್ಲು ತುಂಬದ ಸಾಕ್ಷಿ ಕೊಳವೆಗಳೂ ಜೊತೆಗಿವೆ, ರೋವರಿನಿಂದಲೇ ಏನಾದರೂ ಕಲ್ಮಶ ಸೇರಿದರೆ ಅವುಗಳಲ್ಲಿ ಗೊತ್ತಾಗುತ್ತೆ.

ಕೆಂಪುಧೂಳು

ನನ್ನ ಎರಡನೆಯ ಪ್ರಶ್ನೆಗೆ ಬರೋಣ. "ಇತ್ತು" ಅಂತ ಹೇಳೋಕೆ ಏನೋ ಒಂದು ಅಳತೆಗೋಲು ಇದೆಯಂತಲ್ಲ?

ಹಳೇರೇಡಿಯೊ

ಇದೆ. 2021ರಲ್ಲಿ ನಾಸಾದ ಜಿಮ್ ಗ್ರೀನ್ ಮತ್ತು ಜೊತೆಗಾರರು ಸೂಚಿಸಿದ್ದು. ಏಳು ಮೆಟ್ಟಿಲು. ಮೊದಲನೆಯದು, ಜೀವದಿಂದ ಬಂದಿರಬಹುದಾದ ಸುಳಿವು ಕಾಣಬೇಕು. ಎರಡನೆಯದು, ಅದು ಕಲ್ಮಶ ಅಲ್ಲ ಅಂತ ಖಾತ್ರಿಯಾಗಬೇಕು. ಮೂರು, ಅಂಥ ಪರಿಸರದಲ್ಲಿ ಜೀವ ಅದನ್ನು ಮಾಡಬಲ್ಲದು ಅಂತ ತೋರಬೇಕು. ನಾಲ್ಕು, ಗೊತ್ತಿರುವ ನಿರ್ಜೀವ ದಾರಿಗಳನ್ನೆಲ್ಲ ತಳ್ಳಿಹಾಕಬೇಕು. ಅಲ್ಲಿಂದ ಮೇಲೆ ಬೇರೆ ಬಗೆಯ ಸ್ವತಂತ್ರ ಸಾಕ್ಷಿ, ಬೇರೆ ತಂಡಗಳ ಪರೀಕ್ಷೆ. ಚೆಯಾವಾ ಇನ್ನೂ ಕೆಳಗಿನ ಮೆಟ್ಟಿಲುಗಳಲ್ಲೇ ಇದೆ. ನಾಲ್ಕಕ್ಕೆ ಹತ್ತಲು ರೋವರಿನ ಉಪಕರಣ ಸಾಲದು.

ರಾತ್ರಿಪಾಳಿ

ಹಾಗಾದರೆ ತರೋದು ಯಾವಾಗ?

ಹಳೇರೇಡಿಯೊ

ಕೇಳಬೇಡಿ, ಬೇಜಾರಾಗುತ್ತೆ. 13 ಮಿಲಿಮೀಟರ್ ದಪ್ಪ, ಸುಮಾರು 6 ಸೆಂಟಿಮೀಟರ್ ಉದ್ದದ ತುಂಡು ಅದು, ಸಫೈರ್ ಕ್ಯಾನ್ಯನ್ ಅಂತ ಹೆಸರು. ಅದನ್ನು ತರುವ ಯೋಜನೆಗೆ 800 ಕೋಟಿಯಿಂದ 1,100 ಕೋಟಿ ಡಾಲರ್ ಬೇಕು ಅಂತ 2023ರ ಪರಿಶೀಲನಾ ಸಮಿತಿ ಹೇಳಿತು. 2024ರಲ್ಲಿ ನಾಸಾ ಮುಖ್ಯಸ್ಥರೇ, ಇಷ್ಟು ದುಡ್ಡೂ ಆಗಲ್ಲ, 2040ರವರೆಗೆ ಕಾಯೋದೂ ಆಗಲ್ಲ ಅಂದರು. 2025ರ ಮೇ ತಿಂಗಳ ಬಜೆಟ್ ಪ್ರಸ್ತಾವದಲ್ಲಿ ಯೋಜನೆಯನ್ನೇ ಕೈಬಿಡುವ ಮಾತು ಬಂತು. ಚುಕ್ಕೆಯ ಪ್ರಬಂಧ ಅಚ್ಚಾದದ್ದು ಅದಾಗಿ ನಾಲ್ಕು ತಿಂಗಳಿಗೆ!

ಇನ್ನೊಂದು ತೊಡಕು. 2023ರ ಜನವರಿ ಹೊತ್ತಿಗೆ ರೋವರ್ ಹತ್ತು ಕೊಳವೆಗಳನ್ನು ಥ್ರೀ ಫೋರ್ಕ್ಸ್ ಎಂಬ ಜಾಗದಲ್ಲಿ ನೆಲದ ಮೇಲೆ ಇಟ್ಟಿತು, ತಾನು ಕೆಟ್ಟರೆ ಅವಾದರೂ ಸಿಗಲಿ ಅಂತ. ಸಫೈರ್ ಕ್ಯಾನ್ಯನ್ ಆಮೇಲಿನದು. ಅದು ರೋವರಿನ ಹೊಟ್ಟೆಯಲ್ಲೇ ಇದೆ, ರೋವರ್ ಹೋದಲ್ಲೆಲ್ಲ ಹೋಗುತ್ತಿದೆ. 2025ರ ಕೊನೆಗೆ ಗಾಡಿ ಸುಮಾರು 40 ಕಿಲೋಮೀಟರ್ ಓಡಿತ್ತು. ತರುವವರು ಯಾರೇ ಬರಲಿ, ಮೊದಲು ಅದು ನಿಂತ ಜಾಗಕ್ಕೆ ಹೋಗಬೇಕು.

ಹೊಸಬ

ಚೀನಾದವರು ತರ್ತಾರಂತೆ?

ಹಳೇರೇಡಿಯೊ

ಟಿಯಾನ್‌ವೆನ್-3. 2028ರ ಸುಮಾರಿಗೆ ಉಡಾವಣೆ, 2031ರ ಸುಮಾರಿಗೆ ವಾಪಸ್ ಅಂತ ಯೋಜನೆ. ಅವರು ತಾವು ಇಳಿದ ಜಾಗದ ಮಾದರಿ ತರುತ್ತಾರೆ, ಜೆಝೆರೊದ ಕೊಳವೆಯನ್ನಲ್ಲ. ಯುರೋಪಿನ ರೊಸಲಿಂಡ್ ಫ್ರಾಂಕ್ಲಿನ್ ರೋವರ್ ಕೂಡ ಇದೆ. 2022ರಲ್ಲಿ ರಷ್ಯಾ ಜೊತೆಗಿನ ಒಪ್ಪಂದ ಮುರಿದು ನಿಂತುಹೋಯಿತು, ಈಗ 2028ಕ್ಕೆ ಇಟ್ಟಿದ್ದಾರೆ. ಆಕ್ಸಿಯಾ ಪ್ಲೇನಮ್ ಎಂಬ ಬಯಲಿನಲ್ಲಿ ಇಳಿಯುತ್ತೆ. ನನಗೆ ಅದರ ಮೇಲೆ ಆಸೆ ಜಾಸ್ತಿ, ಯಾಕೆಂದರೆ ಅದರ ಕೊರೆಯುವ ಯಂತ್ರ 2 ಮೀಟರ್ ಆಳಕ್ಕೆ ಇಳಿಯುತ್ತೆ. ಮೇಲಿನ ಪದರದಲ್ಲಿ ಬಾಹ್ಯಾಕಾಶದ ವಿಕಿರಣ ಸಾವಯವ ಅಣುಗಳನ್ನು ಕಾಲಕಾಲಕ್ಕೆ ಕತ್ತರಿಸುತ್ತಾ ಬಂದಿದೆ. ಆಳದಲ್ಲಿ ಅವು ಪೂರ್ತಿ ಅಣುಗಳಾಗಿಯೇ ಉಳಿದಿರಬಹುದು.

ಶಿಲಾಪ್ರಿಯೆ

ಅಣುಗಳ ಮಾತು ಬಂತು, ಅದಕ್ಕೆ ಹೇಳುತ್ತೇನೆ. 2025ರ ಮಾರ್ಚಿನಲ್ಲಿ ಕ್ಯೂರಿಯಾಸಿಟಿ ತಂಡ, 2013ರಲ್ಲಿ ಕೊರೆದಿಟ್ಟ ಕಂಬರ್‌ಲ್ಯಾಂಡ್ ಮಾದರಿಯಲ್ಲಿ ಡೆಕೇನ್, ಅನ್‌ಡೆಕೇನ್, ಡೋಡೆಕೇನ್ ಕಂಡೆವು ಅಂದಿತು. 10, 11, 12 ಇಂಗಾಲಗಳ ಸರಪಳಿ. ಮಂಗಳದಲ್ಲಿ ಸಿಕ್ಕ ಅತಿ ಉದ್ದದ ಸಾವಯವ ಅಣುಗಳು ಇವು. ಕೊಬ್ಬಿನ ಆಮ್ಲಗಳು ಒಡೆದು ಆಗಿರಬಹುದು. ಜೀವಕೋಶದ ಪೊರೆ ಕಟ್ಟುವುದು ಅಂಥ ಆಮ್ಲಗಳಿಂದಲೇ. ಆದರೆ ಅವೂ ಜೀವ ಇಲ್ಲದೆ ಆಗುತ್ತವೆ. ವ್ಯತ್ಯಾಸ ತಿಳಿಯುವುದು ಸರಪಳಿ ಉದ್ದವಾದಾಗ. ಜೀವಿಗಳು ಇಂಗಾಲವನ್ನು ಎರಡೆರಡಾಗಿ ಪೋಣಿಸುತ್ತವೆ, ಹಾಗಾಗಿ ಸಮಸಂಖ್ಯೆಯವು ಜಾಸ್ತಿ ಇರುತ್ತವೆ. ನಿರ್ಜೀವ ರಸಾಯನಕ್ಕೆ ಸಮ ಬೆಸ ಅಂತ ಪಕ್ಷಪಾತ ಇಲ್ಲ. ತುಂಬ ಉದ್ದದ ಸರಪಳಿಗಳು ಆ ಉಪಕರಣಕ್ಕೆ ಸಿಗುವುದೇ ಕಷ್ಟ. ಮತ್ತೆ ಭೂಮಿಯ ಪ್ರಯೋಗಾಲಯಕ್ಕೇ ಬಂದು ನಿಂತೆವು.

ಅನುಮಾನಪ್ಪನವರೇ, ಈಗ ನನ್ನ ಪ್ರಶ್ನೆ. ಯಾವ ಅಳತೆ ಬಂದರೆ ನೀವು ಒಪ್ಪುತ್ತೀರಿ? "ಏನು ಬಂದರೂ ಒಪ್ಪಲ್ಲ" ಅಂದರೆ ಅದು ಅನುಮಾನ ಅಲ್ಲ.

ಅನುಮಾನಪ್ಪ

ನ್ಯಾಯವಾದ ಪ್ರಶ್ನೆ. ಗಂಧಕದ ಐಸೊಟೋಪ್ (ಒಂದೇ ಧಾತುವಿನ ಹಗುರ, ಭಾರದ ರೂಪಗಳು) ನೋಡಬೇಕು. ಸಲ್ಫೇಟ್ ಉಸಿರಾಡುವ ಜೀವಿಗಳು ಹಗುರ ಗಂಧಕ 32ನ್ನು ಮೊದಲು ಆರಿಸಿಕೊಳ್ಳುತ್ತವೆ, ಭಾರದ 34ನ್ನು ಬಿಡುತ್ತವೆ. ಚುಕ್ಕೆಯ ನಡುವಿನ ಸಲ್ಫೈಡ್, ಅದೇ ತುಂಡಿನ ಬಿಳಿ ಪಟ್ಟಿಯ ಸಲ್ಫೇಟಿಗಿಂತ ಎದ್ದು ಕಾಣುವಷ್ಟು ಹಗುರ ಇದ್ದರೆ, ಮತ್ತು ಚುಕ್ಕೆಯಿಂದ ಚುಕ್ಕೆಗೆ ಅದೇ ಮಾತು ಬಂದರೆ, ನಾನು ಅರ್ಧ ಒಪ್ಪುತ್ತೇನೆ. ಕಬ್ಬಿಣದ ಐಸೊಟೋಪೂ ಅದೇ ದಿಕ್ಕಿಗೆ ಬೆರಳು ತೋರಿಸಿದರೆ ಮುಕ್ಕಾಲು.

ಶಿಲಾಪ್ರಿಯೆ

ಅರ್ಧ ಒಪ್ಪಿದರೂ ದೊಡ್ಡದು! ಒಂದು ತಿದ್ದುಪಡಿ: ಬಿಳಿ ಪಟ್ಟಿ ಆಮೇಲಿನ ನೀರು ಬಿಟ್ಟದ್ದಿರಬಹುದು. ಚುಕ್ಕೆ ಆಗುವಾಗ ಇದ್ದ ಸಲ್ಫೇಟ್ ಅದಲ್ಲದಿದ್ದರೆ ಹೋಲಿಕೆ ದಾರಿ ತಪ್ಪುತ್ತೆ. ಚುಕ್ಕೆ ಇಲ್ಲದ ಕೆಸರಿನಲ್ಲಿ ಉಳಿದ ಸಲ್ಫೇಟ್ ಹುಡುಕಿ ಅದರ ಜೊತೆ ಹೋಲಿಸಬೇಕು. ಇನ್ನು ಐಸೊಟೋಪ್ ಮಾತ್ರ ನಂಬಬೇಡಿ. 2022ರಲ್ಲಿ ಗೇಲ್ ಕುಳಿಯ ಕೆಲವು ಮಾದರಿಗಳಲ್ಲಿ ಹಗುರ ಇಂಗಾಲ ಜಾಸ್ತಿ ಕಂಡಾಗ ತಂಡವೇ ಮೂರು ಕಾರಣ ಮುಂದಿಟ್ಟಿತು: ಸೂಕ್ಷ್ಮಜೀವಿಗಳ ಮೀಥೇನ್, ಅತಿನೇರಳೆ ಕಿರಣದಿಂದ ಒಡೆದ ಇಂಗಾಲದ ಡೈಆಕ್ಸೈಡ್, ಸೌರವ್ಯೂಹ ಹಾದುಹೋದ ದೂಳಿನ ಮೋಡ. ಮೂರರಲ್ಲಿ ಯಾವುದು ಅಂತ ಇನ್ನೂ ಬಿಡಿಸಿಲ್ಲ.

ಕೆಂಪುಧೂಳು

ಕೊಳವೆ ಬರುವವರೆಗೆ ಕೈಕಟ್ಟಿ ಕೂರೋದೇನಾ ಹಾಗಾದರೆ?

ಶಿಲಾಪ್ರಿಯೆ

ಇಲ್ಲ ಇಲ್ಲ. ಕೆಲಸದ ದೊಡ್ಡ ಭಾಗ ಇಲ್ಲೇ ಇದೆ. ಕೆಸರು, ತುಕ್ಕು, ಸಲ್ಫೇಟ್, ರಂಜಕ, ಸ್ವಲ್ಪ ಸಾವಯವ ವಸ್ತು ಸೇರಿಸಿ, ಒಂದೂ ಜೀವಿ ಇಲ್ಲದಂತೆ ಶುದ್ಧ ಮಾಡಿ, ತಣ್ಣಗೆ ಇಟ್ಟು ನೋಡಬೇಕು. ವಿವಿಯನೈಟ್ ಅಂಚು, ಗ್ರೈಗೈಟ್ ನಡು ಇರುವ ಚುಕ್ಕೆ ತಾನಾಗಿ ಮೂಡಿದರೆ ಅನುಮಾನಪ್ಪ ಗೆದ್ದರು. ಜೀವ ಇಟ್ಟಾಗ ಮಾತ್ರ ಮೂಡಿದರೆ ನಾಲ್ಕನೆಯ ಮೆಟ್ಟಿಲು ಹತ್ತಿರವಾಗುತ್ತೆ. ಭೂಮಿಯಲ್ಲಿ ಇಂಥ ಚುಕ್ಕೆ ಇರುವ ಕೆಂಪು ಕಲ್ಲುಗಳೂ ಇವೆ, ಅವನ್ನೂ ಪಿಕ್ಸ್‌ಲ್ ತರಹದ ಉಪಕರಣದಲ್ಲೇ ನೋಡಿ ಹೋಲಿಸಬೇಕು. ಪ್ರಬಂಧ ಬರೆದವರೂ ಕೇಳಿಕೊಂಡಿರುವುದು ಇದನ್ನೇ.

ಅನುಮಾನಪ್ಪ

ಶುದ್ಧ ಮಾಡೋದೇ ಕಷ್ಟ ಮೇಡಂ. ಗ್ರೈಗೈಟ್ ಮೂಡೋಕೆ ಎಷ್ಟು ಕಾಲ ಇಡಬೇಕೋ! ಅಷ್ಟು ದಿನದಲ್ಲಿ ಭೂಮಿಯ ಒಂದು ಸೂಕ್ಷ್ಮಜೀವಿ ನುಸುಳಿದರೂ ಪ್ರಯೋಗ ಹಾಳು. ಆಗ "ನೋಡಿ, ಜೀವ ಇಲ್ಲದೆಯೇ ಆಯ್ತು" ಅಂತ ತಪ್ಪಾಗಿ ನಾನೇ ಗೆದ್ದುಬಿಡ್ತೀನಿ.

ಶಿಲಾಪ್ರಿಯೆ

ಅದಕ್ಕೆ ಅರ್ಧ ಶೀಶೆಗಳಿಗೆ ಜೀವಿಗಳು ಸಾಯುವಂತೆ ವಿಕಿರಣ ಹಾಯಿಸಿ, ಅರ್ಧಕ್ಕೆ ಹಾಯಿಸದೆ ಇಡಬೇಕು. ತೆರೆದು ನೋಡುವವರಿಗೆ ಯಾವುದು ಯಾವುದು ಅಂತ ಹೇಳಬಾರದು.